ಹೊರಗಿನ ನೆರಿಗೆ, ಒಳಗಿನ ನೆರಿಗೆ

1995ರಲ್ಲಿ ಅಮೆರಿಕದ ನಾಲ್ವರು ಹೆಸರಾಂತ ಪ್ಲಾಸ್ಟಿಕ್ ಸರ್ಜನ್‌ಗಳು ಒಂದು ವಿಚಿತ್ರ ಹೋಲಿಕೆಗೆ ಕೈಹಾಕಿದರು. ಇಳಿಬಿದ್ದ ಮುಖವನ್ನು ಶಸ್ತ್ರಕ್ರಿಯೆಯಿಂದ ಮೇಲೆತ್ತಿ ಕೂರಿಸುವ ಫೇಸ್‌ಲಿಫ್ಟ್‌ನಲ್ಲಿ ಆ ಹೊತ್ತಿಗೆ ಹಲವು ಪಂಥಗಳಿದ್ದವು, ಪ್ರತಿ ಪಂಥಕ್ಕೂ ಅದರದೇ ಗುರು, ಅದರದೇ ಶಿಷ್ಯರು. ಯಾವುದು ಮೇಲು ಎಂದು ತೀರ್ಮಾನಿಸುವುದು ಹೇಗೆ? ಒಬ್ಬರ ಮುಖವನ್ನು ಇನ್ನೊಬ್ಬರ ಮುಖದ ಪಕ್ಕದಲ್ಲಿಟ್ಟು ನೋಡಿದರೆ ಏನೂ ಹೇಳಲಾಗುವುದಿಲ್ಲ. ಚರ್ಮ ಬೇರೆ, ಮೂಳೆ ಬೇರೆ, ಬಿಸಿಲು ಕಂಡ ವರ್ಷಗಳು ಬೇರೆ. ಹಾಗಾಗಿ ಎರಡು ಜೋಡಿ ತದ್ರೂಪಿ ಅವಳಿಗಳನ್ನು ಆರಿಸಿಕೊಂಡರು. ಡೇನಿಯಲ್ ಬೇಕರ್, ಸ್ಯಾಮ್ ಹಾಮ್ರಾ, ಜಾನ್ ಔಸ್ಲಿ, ಆಸ್ಕರ್ ರಮಿರೆಜ್, ಇವರು ತಲಾ ಒಂದು ಮುಖವನ್ನು ತಮ್ಮ ತಮ್ಮ ವಿಧಾನದಲ್ಲಿ ಎತ್ತಿದರು. 1 ವರ್ಷದ ನಂತರ, 6 ವರ್ಷದ ನಂತರ, 10 ವರ್ಷದ ನಂತರ ಆ ಮುಖಗಳ ಚಿತ್ರಗಳನ್ನು ವೃತ್ತಿಬಾಂಧವರ ಮುಂದಿಟ್ಟರು. 2009ರಲ್ಲಿ 10 ವರ್ಷಗಳ ಕಥೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಯಾವ ವಿಧಾನ ಎಷ್ಟು ಚೆನ್ನಾಗಿ ಬಾಳಿದೆ ಎಂಬುದನ್ನು ಚಿತ್ರಗಳನ್ನು ನೋಡಿ ಓದುಗ ಸರ್ಜನ್ನರೇ ಅಳೆದುಕೊಳ್ಳಲಿ ಎಂಬುದು ಅದರ ಧಾಟಿ.

ಪ್ರಕೃತಿ ಕೊಡಬಹುದಾದ ಅತ್ಯಂತ ಸಮವಾದ ತಕ್ಕಡಿ ಇದು. ಆದರೂ ಮುಳ್ಳು ಯಾವ ಕಡೆಗೆ ವಾಲಿತು ಎಂದು ಹೇಳುವ ಹೊಣೆ ಕೊನೆಗೆ ನೋಡುವವರ ಪಾಲಿಗೇ ಬಂತು. ಇದನ್ನು ಪ್ರಯೋಗದ ಸೋಲು ಎಂದು ನನಗನಿಸುವುದಿಲ್ಲ. ಮುಖದ ವಿಷಯದಲ್ಲಿ 'ಮೇಲು' ಎಂಬ ಮಾತಿಗೆ ಅರ್ಥ ಬರುವುದೇ ಒಬ್ಬ ನೋಡುವವ ಇದ್ದಾಗ. ನಮ್ಮ ದೇಹದಲ್ಲಿ ನಮಗೆ ನೇರವಾಗಿ ಕಾಣಿಸದ, ಎದುರಿಗಿರುವವರಿಗೆಲ್ಲ ಕಾಣಿಸುವ ಭಾಗ ಅದು. ಕನ್ನಡಿಯಲ್ಲಿ ಕಾಣುವುದೂ ಎಡಬಲ ತಿರುವಿದ ಪ್ರತಿ. ಹೊತ್ತುಕೊಂಡಿರುವವರು ಒಬ್ಬರು, ನೋಡುವವರು ಇನ್ನೊಬ್ಬರು. ಹಾಗಾದರೆ ಅದನ್ನು ಎತ್ತುವ ವಿಧಾನಗಳನ್ನು ಹೋಲಿಸಬೇಕಾದ್ದು ಯಾರ ಕಣ್ಣಿನಿಂದ?

ಈ ಪ್ರಶ್ನೆ ಗಾಳಿಯಲ್ಲಿ ತೇಲದಿರಬೇಕಾದರೆ ಆ ವಿಧಾನಗಳು ಏನು ಮಾಡುತ್ತವೆಂದು ಸ್ವಲ್ಪ ವಿವರವಾಗಿ ತಿಳಿಯಬೇಕು.

ಕೆನ್ನೆಯ ಮೇಲೆ ಬೆರಳಿಟ್ಟು ಕಿವಿಯ ಕಡೆಗೆ ತುಸು ಎಳೆದು ನೋಡುವುದು, ನಡುವಯಸ್ಸು ದಾಟಿದ ಎಷ್ಟೋ ಜನ ಕನ್ನಡಿಯ ಮುಂದೆ ಗುಟ್ಟಾಗಿ ಮಾಡಿರುವ ಕೆಲಸ. ಮೊದಲ ತಲೆಮಾರಿನ ಸರ್ಜನ್‌ಗಳು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಬರ್ಲಿನ್‌ನ ಓಯ್ಗೆನ್ ಹೊಲೆಂಡರ್ 1901ರಲ್ಲಿ ಪೋಲೆಂಡಿನ ಸಿರಿವಂತ ಮನೆತನದ ಹೆಣ್ಣೊಬ್ಬಳಿಗೆ ಇಂಥ ಶಸ್ತ್ರಕ್ರಿಯೆ ಮಾಡಿದ್ದಾಗಿ ಮುಂದೆ ಹೇಳಿಕೊಂಡರು. ಕಿವಿಯ ಮುಂದೆ, ಕೂದಲಿನ ಅಂಚಿನಲ್ಲಿ ಚರ್ಮವನ್ನು ಕೊಯ್ದು, ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುವುದು. ಆದರೆ ಚರ್ಮ ಹೊದಿಕೆ; ಭಾರ ಹೊರಲು ಹುಟ್ಟಿದ್ದಲ್ಲ. ಎಳೆದಷ್ಟೂ ಹಿಗ್ಗುತ್ತದೆ, ಕೆಲವು ಕಾಲದಲ್ಲಿ ಮತ್ತೆ ಜೋಲುತ್ತದೆ. ಜೋಲಬಾರದೆಂದು ಹೆಚ್ಚು ಬಿಗಿದರೆ ಗಾಯದ ಗೆರೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಗೆ ಜಗ್ಗಿಕೊಳ್ಳುತ್ತದೆ, ಬಾಯಿಯ ಮೂಲೆಗಳು ಪಕ್ಕಕ್ಕೆ ಸರಿಯುತ್ತವೆ, ಬಿರುಗಾಳಿಗೆ ಎದುರಾಗಿ ನಿಂತವರ ಮುಖದಂತೆ. ಹಳೆಯ ಸಿನಿಮಾ ತಾರೆಯರ ಬಗ್ಗೆ ಜನ ಆಡಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಈ ಬಿಗಿಮುಖವನ್ನು ನೋಡಿಯೇ.

ತಿರುವು ಬಂದದ್ದು 1970ರ ದಶಕದಲ್ಲಿ. ಸ್ವೀಡನ್ನಿನ ಟೋರ್ಡ್ ಸ್ಕೂಗ್ 1974ರಲ್ಲಿ ಚರ್ಮದ ಕೆಳಗಿನ ಪದರವನ್ನೂ ಜೊತೆಗೆ ಎತ್ತುವ ದಾರಿಯನ್ನು ತೋರಿಸಿದರು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆರೋನಿ ಆ ಪದರವನ್ನು ಅಂಗರಚನೆಯ ದೃಷ್ಟಿಯಿಂದ ವಿವರಿಸಿ ಹೆಸರಿಟ್ಟರು. ಉದ್ದದ ಹೆಸರು; ಸರ್ಜನ್‌ಗಳ ಬಾಯಲ್ಲಿ ಅದು 'ಸ್ಮಾಸ್'. ಚರ್ಮ, ಅದರಡಿ ಕೊಬ್ಬು, ಅದರಡಿ ಈ ಸ್ಮಾಸ್. ನಾರಿನಂಥ ಗಟ್ಟಿ ಪೊರೆ ಅದು. ನಗುವ, ಅಳುವ, ಹುಬ್ಬು ಗಂಟಿಕ್ಕುವ ಸ್ನಾಯುಗಳನ್ನು ಒಂದಕ್ಕೊಂದು ಹೆಣೆದು, ಅವುಗಳ ಎಳೆತವನ್ನು ಚರ್ಮಕ್ಕೆ ಮುಟ್ಟಿಸುತ್ತದೆ. ವಯಸ್ಸಾದಾಗ ಇಳಿಯುವುದು ಚರ್ಮವೊಂದೇ ಅಲ್ಲ, ಈ ಪೊರೆಯೂ ಅದರ ಮೇಲಿನ ಕೊಬ್ಬೂ ಇಳಿಯುತ್ತವೆ. ಹಾಗಾಗಿ ಚರ್ಮವನ್ನು ಬಿಟ್ಟು ಇದನ್ನು ಬಿಗಿಯಬೇಕೆಂಬ ವಿಚಾರದಲ್ಲಿ ಎಲ್ಲರಿಗೂ ಒಮ್ಮತವಾಯಿತು. ಜಗಳ ಶುರುವಾದದ್ದು ಹೇಗೆ ಬಿಗಿಯಬೇಕೆಂಬಲ್ಲಿ.

ಸುಲಭದ ದಾರಿ, ಪೊರೆಯನ್ನು ಕೊಯ್ಯದೆ ಮಡಿಸಿ ಹೊಲಿಯುವುದು. ನಮ್ಮ ಭಾಷೆಯಲ್ಲಿ ಇದಕ್ಕೊಂದು ಸೊಗಸಾದ ಮಾತಿದೆ: ನೆರಿಗೆ ಹಿಡಿಯುವುದು. ಸೀರೆಯ ಮಡಿಕೆಗೂ ಮುಖದ ಸುಕ್ಕಿಗೂ ಕನ್ನಡ ಒಂದೇ ಪದವನ್ನು ಕೊಟ್ಟಿದೆ, ಶಸ್ತ್ರವೈದ್ಯ ಹೊರಗಿನ ನೆರಿಗೆ ಬಿಡಿಸಲು ಒಳಗೆ ನೆರಿಗೆ ಹಿಡಿಯುತ್ತಾನೆ. ಬೇಕರ್ ಇದನ್ನು ಸ್ವಲ್ಪ ಬದಲಿಸಿ, ಕೆನ್ನೆಯ ಪಕ್ಕದಲ್ಲಿ ಪೊರೆಯ ಓರೆಯಾದ ಪಟ್ಟಿಯೊಂದನ್ನು ಕತ್ತರಿಸಿ ತೆಗೆದು ಎರಡು ಅಂಚುಗಳನ್ನು ಕೂಡಿಸಿದರು. ಬೆಲ್ಜಿಯಂನ ಟೊನಾರ್ಡ್ ಮತ್ತು ವರ್ಪೇಲ್ ಇನ್ನೂ ಚಿಕ್ಕ ಗಾಯದಲ್ಲಿ ಕುಣಿಕೆಯಂತೆ ದಾರ ಹಾಯಿಸಿ ಮೇಲಕ್ಕೆ ಕಟ್ಟುವ ವಿಧಾನ ತಂದರು. ಅಜ್ಜಿಯರ ಎಲೆಯಡಿಕೆ ಸಂಚಿಯ ಬಾಯಿಯನ್ನು ದಾರ ಎಳೆದು ಬಿಗಿಯುವುದನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಮ್ರಾ 1990ರಲ್ಲಿ ಇದಕ್ಕಿಂತ ಕೆಳಗಿಳಿದರು. ಅವರ 'ಡೀಪ್ ಪ್ಲೇನ್' ವಿಧಾನದಲ್ಲಿ ಕೆನ್ನೆಯ ಬಹುಭಾಗದಲ್ಲಿ ಚರ್ಮವನ್ನೂ ಪೊರೆಯನ್ನೂ ಬೇರ್ಪಡಿಸುವುದಿಲ್ಲ. ಪೊರೆಯ ಅಡಿಗೆ ಹೋಗಿ, ಮುಖದ ಮೆದುಭಾಗವನ್ನು ಆಳಕ್ಕೆ ಹಿಡಿದಿಟ್ಟಿರುವ ಕಟ್ಟುಗಳನ್ನು ಬಿಡಿಸಿ, ಎಲ್ಲವನ್ನೂ ಒಂದೇ ತುಂಡಾಗಿ ಮೇಲಕ್ಕೆ ಸರಿಸುತ್ತಾರೆ. ಚರ್ಮದ ಮೇಲೆ ಎಳೆತ ಬೀಳುವುದಿಲ್ಲ, ಅದಕ್ಕೆ ರಕ್ತ ಪೂರೈಕೆಯೂ ಚೆನ್ನಾಗಿ ಉಳಿಯುತ್ತದೆ. ಎರಡು ವರ್ಷದ ನಂತರ ಕಣ್ಣಿನ ಸುತ್ತಲಿನ ಸ್ನಾಯುವನ್ನೂ ಸೇರಿಸಿಕೊಂಡು ಅದಕ್ಕೆ 'ಕಾಂಪೊಸಿಟ್' ಎಂದು ಕರೆದರು. ರಮಿರೆಜ್ ಅದಕ್ಕೂ ಕೆಳಗೆ, ಮೂಳೆಗೆ ಅಂಟಿದ ಪೊರೆಯ ಅಡಿಯಿಂದಲೇ ಎತ್ತುವ ಪಂಥದವರು.

ಕನ್ನಡದಲ್ಲಿ 'ಆಳ' ಎನ್ನುವುದು ಹೊಗಳಿಕೆಯ ಮಾತು. ಆಳವಾದ ಓದು, ಆಳವಾದ ಪ್ರೀತಿ. 'ಮೇಲ್ಮೇಲಿನ' ಎಂದರೆ ಬೈಗುಳ. ಈಚಿನ ವರ್ಷಗಳಲ್ಲಿ ಡೀಪ್ ಪ್ಲೇನ್ ಎಂಬ ಹೆಸರು ಜಾಹೀರಾತುಗಳಲ್ಲಿ ಗಳಿಸಿರುವ ಮಹಿಮೆಯಲ್ಲಿ ಅಂಗರಚನೆಯ ಪಾಲೆಷ್ಟು, ಆ ಪದದ ಪಾಲೆಷ್ಟು ಎಂದು ನನಗೆ ಅನುಮಾನವಿದೆ. ಯಾಕೆಂದರೆ ಅವಳಿಗಳ ಪ್ರಯೋಗಕ್ಕಿಂತ ಬಿಗಿಯಾದ ಇನ್ನೊಂದು ಪ್ರಯೋಗ 1996ರಲ್ಲಿ ಪ್ರಕಟವಾಗಿತ್ತು. ಐವಿ, ಲೊರೆಂಕ್ ಮತ್ತು ಆಸ್ಟನ್ ಎಂಬ ಮೂವರು ಸರ್ಜನ್‌ಗಳು 21 ಜನರ ಮುಖದ ಒಂದು ಪಾರ್ಶ್ವಕ್ಕೆ ಕಡಿಮೆ ವ್ಯಾಪ್ತಿಯ ವಿಧಾನವನ್ನೂ ಇನ್ನೊಂದು ಪಾರ್ಶ್ವಕ್ಕೆ ಹೆಚ್ಚು ವಿಸ್ತಾರವಾದ ವಿಧಾನವನ್ನೂ ಬಳಸಿದರು. ಅವಳಿಗಳೂ ಬೇಡ, ಒಬ್ಬರ ಮುಖವೇ ತನಗೆ ತಾನು ಅವಳಿ. ಒಂದು ವರ್ಷದ ನಂತರವೂ ಎರಡು ಪಾರ್ಶ್ವಗಳ ನಡುವೆ ಕಣ್ಣಿಗೆ ಗುರುತಿಸಬಹುದಾದ ವ್ಯತ್ಯಾಸ ಸಿಗಲಿಲ್ಲ. ಇನ್ನು ಹಾಮ್ರಾ ಅವರೇ 2002ರಲ್ಲಿ ತಮ್ಮ ಹಳೆಯ ಫಲಿತಾಂಶಗಳನ್ನು ಮರಳಿ ನೋಡಿ, ಕೆನ್ನೆಯ ಕೊಬ್ಬನ್ನು ಮೇಲೆತ್ತಿ ಮೂಗು-ಬಾಯಿ ನಡುವಿನ ಗೆರೆಯನ್ನು ಅಳಿಸುವ ಭಾಗ ಮೊದಮೊದಲು ಗೆಲ್ಲುತ್ತದೆ, ಬಹುಕಾಲದಲ್ಲಿ ಸೋಲುತ್ತದೆ ಎಂದು ಬರೆದರು. ತಾನೇ ಕಟ್ಟಿದ ಪಂಥದ ಬಗ್ಗೆ ಹೀಗೆ ಬರೆಯುವವರು ಸಾಹಿತ್ಯದಲ್ಲಾದರೂ ಎಷ್ಟು ಜನರಿದ್ದಾರೆ? ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಇದನ್ನು ಓದಿದಾಗ.

ಡೀಪ್ ಪ್ಲೇನ್‌ನ ಇಂದಿನ ಬೆಂಬಲಿಗರು ಇದಕ್ಕೆ ಸುಮ್ಮನಿರುವುದಿಲ್ಲ. ಒಂದು ವರ್ಷ ಸಾಲದು, ಇಪ್ಪತ್ತೊಂದು ಜನ ಸಾಲದು, ಆಗಿನಿಂದ ಈಗಿಗೆ ವಿಧಾನ ಬದಲಾಗಿದೆ ಎನ್ನುತ್ತಾರೆ. ಅದರಲ್ಲಿ ಸತ್ಯ ಇರಬಹುದು. ನನ್ನ ಗಮನ ಬೇರೆಡೆಗೆ ಹೋಗುತ್ತದೆ. ಈ ಎಲ್ಲ ಹೋಲಿಕೆಗಳಲ್ಲಿ ಬಹುಮಟ್ಟಿಗೆ ತಕ್ಕಡಿಗೆ ಹಾಕುವ ವಸ್ತು ಛಾಯಾಚಿತ್ರ. ಒಂದೇ ಬೆಳಕು, ಒಂದೇ ಕೋನ, ಮುಚ್ಚಿದ ಬಾಯಿ, ನಿಶ್ಚಲ ಕಣ್ಣು. ಆದರೆ ಮುಖದಲ್ಲಿ ಅಪಾಯ ಅಡಗಿರುವುದು ಚಲನೆಯಲ್ಲಿ. ಕಿವಿಯ ಕೆಳಗಿನಿಂದ ಹೊರಟ ಮುಖದ ನರ ಐದು ಮುಖ್ಯ ಕವಲುಗಳಾಗಿ ಒಡೆದು ಹಣೆಗೆ, ಕಣ್ಣಿಗೆ, ಕೆನ್ನೆಗೆ, ಕೆಳದುಟಿಗೆ, ಕತ್ತಿಗೆ ಹೋಗುತ್ತದೆ. ಕೆನ್ನೆಯ ಹಿಂಭಾಗದಲ್ಲಿ ಲಾಲಾಗ್ರಂಥಿ ಅದನ್ನು ಮುಚ್ಚಿಕೊಂಡಿರುತ್ತದೆ. ಗ್ರಂಥಿಯನ್ನು ದಾಟಿ ಮುಂದೆ ಬಂದ ಮೇಲೆ ಕವಲುಗಳಿಗೆ ಆ ಮರೆ ಇಲ್ಲ, ಸ್ಮಾಸ್‌ನ ಕೆಳಗೇ ಹರಿಯುತ್ತವೆ. ಡೀಪ್ ಪ್ಲೇನ್ ಮಾಡುವ ಸರ್ಜನ್‌ನ ಕತ್ತರಿ ಚಲಿಸುವುದು ಅವುಗಳ ಮಾಳಿಗೆಯ ಮೇಲೆ. ಪಳಗಿದ ಕೈಯಲ್ಲಿ ಶಾಶ್ವತ ಹಾನಿ ಅಪರೂಪ ಎಂಬುದು ನಿಜ. ಫೇಸ್‌ಲಿಫ್ಟ್‌ನಲ್ಲಿ ಹೆಚ್ಚಾಗಿ ಕಾಣುವ ತೊಡಕು ಚರ್ಮದಡಿ ರಕ್ತ ಕಟ್ಟಿಕೊಳ್ಳುವುದು, ಗಂಡಸರಲ್ಲಿ ಅದು ಇನ್ನೂ ಹೆಚ್ಚು. ಧೂಮಪಾನಿಗಳಲ್ಲಿ ಚರ್ಮವೇ ಸತ್ತುಹೋಗುವ ಭಯವೂ ಇದೆ. ಆದರೆ ಒಂದು ಕವಲಿಗೆ ಪೆಟ್ಟಾದರೆ ಹೋಗುವುದು ಚೆಲುವಿಗಿಂತ ಹೆಚ್ಚಿನದು. ಕೆಳದುಟಿಯ ಒಂದು ಬದಿ ಇಳಿಯುವುದಿಲ್ಲ, ನಗು ಓರೆಯಾಗುತ್ತದೆ. ಫೋಟೋಗೆ ಸುಮ್ಮನೆ ಕೂತಾಗ ಅದು ಕಾಣದೆಯೂ ಇರಬಹುದು. ಮಗು ತೊಡೆಯೇರಿ ಮುಖ ನೋಡಿದಾಗ ಕಾಣುತ್ತದೆ.

ಹಾಗಾಗಿ ಸರ್ಜನ್‌ಗಳ ಕಣ್ಣು, ಕನ್ನಡಿಯ ಕಣ್ಣು, ಮನೆಯವರ ಕಣ್ಣು, ಇವು ಒಂದೇ ವಿಧಾನವನ್ನು ಆರಿಸಬೇಕೆಂದೇನಿಲ್ಲ. ಸಭೆಯಲ್ಲಿ ಪರದೆಯ ಮೇಲೆ ಚಿತ್ರ ನೋಡುವ ಸರ್ಜನ್ ದವಡೆಯ ಗೆರೆ, ಕತ್ತಿನ ಕೋನ ನೋಡುತ್ತಾನೆ. ಆ ಮುಖದ ಒಡೆಯ ಅಥವಾ ಒಡತಿ ಕನ್ನಡಿಯಲ್ಲಿ ಹುಡುಕುವುದು ನೆನಪಿನಲ್ಲಿ ಉಳಿದ ಒಂದು ಹಳೆಯ ಮುಖವನ್ನು. ಮನೆಯವರಿಗೆ ಬೇಕಾದ್ದು ಪರಿಚಿತ ಮುಖಚರ್ಯೆ: ಸಿಟ್ಟು ಬರುವ ಮೊದಲು ಮೂಡುವ ಗೆರೆ, ಸುಳ್ಳು ಹೇಳುವಾಗ ಎತ್ತುವ ಹುಬ್ಬು. ವೈದ್ಯಕೀಯ ಬರಹಗಳಲ್ಲಿ ಈ ಮೂರನ್ನೂ ಒಂದೇ ಪದದಲ್ಲಿ ತುರುಕಿರುತ್ತಾರೆ, 'ಸಹಜ' ಎಂದು. ಒಳ್ಳೆಯ ಫೇಸ್‌ಲಿಫ್ಟ್ ಸಹಜವಾಗಿ ಕಾಣಬೇಕು. ಅಂದರೆ ಮಾಡಿಸಿಕೊಂಡದ್ದು ಗೊತ್ತಾಗಬಾರದು. ಗಾಯದ ಗೆರೆಯನ್ನು ಕಿವಿಯ ಮಡಿಕೆಯಲ್ಲಿ ಮುಚ್ಚಿಡುವುದು, ಕೂದಲಿನ ಅಂಚನ್ನು ಕದಲಿಸದಿರುವುದು, ಹಾಲೆಯನ್ನು ಜಗ್ಗದಿರುವುದು, ಇವೆಲ್ಲ ಕುರುಹು ಅಳಿಸುವ ಕಲೆಗಳು. ಒಂದು ವಿಧಾನ ಇನ್ನೊಂದಕ್ಕಿಂತ ಮೇಲು ಎನ್ನುವಾಗ ಬಹುಮಟ್ಟಿಗೆ ಹೇಳುತ್ತಿರುವುದು ಅದು ಇನ್ನೂ ಚೆನ್ನಾಗಿ ಅಡಗಿಕೊಳ್ಳುತ್ತದೆ ಎಂದು.

ಅಡಗಿಸುವುದು ತಪ್ಪೇ? ತಲೆಗೂದಲಿಗೆ ಬಣ್ಣ ಹಚ್ಚಿದವರನ್ನು, ಕಟ್ಟಿಸಿದ ಹಲ್ಲಿನವರನ್ನು ನಾವು ಮೋಸಗಾರರೆನ್ನುವುದಿಲ್ಲ. ನೈತಿಕ ಪ್ರಶ್ನೆ 'ಅವಳು ಸುಳ್ಳು ಮುಖ ಹೊತ್ತಿದ್ದಾಳೆ' ಎಂಬಲ್ಲಿಗೆ ಬಂದು ನಿಂತರೆ ಅದು ತೀರ ಅಗ್ಗದ ಪ್ರಶ್ನೆ, ಅದನ್ನು ಕೇಳುವವರು ಹೆಚ್ಚಾಗಿ ಹೆಂಗಸರನ್ನಷ್ಟೇ ಕೇಳುತ್ತಾರೆ ಎಂಬುದೂ ಗಮನಿಸಬೇಕಾದ್ದು. ಪ್ಯಾರಿಸ್ಸಿನ ಸುಜಾನ್ ನೊಯೆಲ್ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಎದುರಿಸಿದ್ದರು.

ನೊಯೆಲ್ ಈ ಕ್ಷೇತ್ರದ ಮೊದಲ ಮಹಿಳಾ ಸರ್ಜನ್‌ಗಳಲ್ಲಿ ಒಬ್ಬರು. 1912ರಲ್ಲಿ ನಟಿ ಸಾರಾ ಬರ್ನಾರ್ಟ್ ಅಮೆರಿಕದಿಂದ ಮುಖಕ್ಕೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದ ಸುದ್ದಿ ಓದಿ, ಕನ್ನಡಿಯ ಮುಂದೆ ತನ್ನ ಮುಖದ ಚರ್ಮವನ್ನೇ ಚಿವುಟಿ ಎಳೆದು ಲೆಕ್ಕಹಾಕಿದವರು. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರ ಚಿಕಿತ್ಸೆಯಲ್ಲಿ ಪಳಗಿದರು. ನಂತರ ಅವರ ಬಳಿಗೆ ಬಂದವರಲ್ಲಿ ಸಿರಿವಂತರ ಜೊತೆಗೆ ದುಡಿಯುವ ಹೆಂಗಸರೂ ಇದ್ದರು. ವಯಸ್ಸಾದಂತೆ ಕಂಡದ್ದಕ್ಕೆ ಕೆಲಸ ಕಳೆದುಕೊಂಡವರು, ಕಳೆದುಕೊಳ್ಳುವ ಭಯದಲ್ಲಿದ್ದವರು. ನೊಯೆಲ್‌ರ ವಿಧಾನ ಇವರಿಗೆ ತಕ್ಕಂತೆ ಇತ್ತು. ಆ ಜಾಗಕ್ಕಷ್ಟೇ ಅರಿವಳಿಕೆ, ಕೂದಲಿನ ಅಂಚಿನಲ್ಲಿ ಚರ್ಮದ ಚಿಕ್ಕ ತುಣುಕುಗಳನ್ನು ತೆಗೆದು ಹೊಲಿಗೆ, ನಡೆದುಕೊಂಡೇ ಮನೆಗೆ. ಬಡವರಿಂದ ದುಡ್ಡು ತೆಗೆದುಕೊಳ್ಳದ್ದೂ ಉಂಟು. 1926ರಲ್ಲಿ ಅವರು ಬರೆದ ಪುಸ್ತಕದ ಹೆಸರಿನಲ್ಲೇ ಸೌಂದರ್ಯ ಶಸ್ತ್ರಚಿಕಿತ್ಸೆಯ ಸಾಮಾಜಿಕ ಪಾತ್ರ ಎಂಬ ಮಾತಿದೆ. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದವರೂ ಇವರೇ. ಫ್ರಾನ್ಸಿನಲ್ಲಿ ಆ ಹಕ್ಕು ಬಂದದ್ದು 1944ರಲ್ಲಿ.

ಇಂದಿನ ಅಂಗರಚನಾಶಾಸ್ತ್ರದ ಕಣ್ಣಿನಿಂದ ನೋಡಿದರೆ ನೊಯೆಲ್‌ರ ವಿಧಾನ ಎಲ್ಲಕ್ಕಿಂತ ಕೆಳಗಿನದು: ಬರೀ ಚರ್ಮ, ಬೇಗ ಇಳಿಯುವಂಥದು. ಕೆಲಸ ಕಳೆದುಕೊಳ್ಳಲಿರುವವಳ ಕಣ್ಣಿನಿಂದ ನೋಡಿದರೆ ಅದೇ ಮೇಲು. ಡೀಪ್ ಪ್ಲೇನ್ ಮಾಡಿಸಿಕೊಂಡವರು ಬಾವು, ಕಂದು ಇಳಿಯಲು ವಾರಗಟ್ಟಲೆ ಮನೆಯಲ್ಲಿರಬೇಕು, ಸಂಬಳ ನಿಲ್ಲದ ರಜೆಯೋ ಕೂಡಿಟ್ಟ ಹಣವೋ ಇರಬೇಕು. ಪದರಗಳ ಚರ್ಚೆಯಲ್ಲಿ ಈ ರಜೆಯ ಮಾತು ಬರುವುದೇ ಇಲ್ಲ. ಯಾವ ವಿಧಾನ ಯಾರಿಗೆ ಎಂಬುದರಲ್ಲಿ ವರ್ಗದ ಮಾತು ಅಡಗಿದೆ.

ನೊಯೆಲ್ ಮಾಡಿದ್ದು ಸರಿ ಎಂದೇ ನಾನು ಹೇಳುತ್ತೇನೆ. ಎದುರಿಗೆ ಕೂತವಳಿಗೆ ಮುಂದಿನ ತಿಂಗಳ ಬಾಡಿಗೆ ಕಟ್ಟಬೇಕಿರುವಾಗ 'ಸಮಾಜ ಬದಲಾಗಲಿ, ಆಮೇಲೆ ಬಾ' ಎನ್ನುವುದು ಕ್ರೌರ್ಯ. ಆದರೂ ಅಲ್ಲಿ ನಡೆದದ್ದನ್ನು ಸರಿಯಾದ ಹೆಸರಿನಿಂದ ಕರೆಯಬೇಕು. ತಪ್ಪು ಇದ್ದದ್ದು ಕೆಲಸದಿಂದ ತೆಗೆದವನ ತಲೆಯಲ್ಲಿ. ಕತ್ತರಿ ಬಿದ್ದದ್ದು ಅವಳ ಕೆನ್ನೆಗೆ.

ಆರೋಗ್ಯವಾದ ಮೈಗೆ ಕತ್ತರಿ ಹಾಕುವ ಈ ಪ್ರಶ್ನೆ ಅದೇ ಪ್ಯಾರಿಸ್ಸಿನಲ್ಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. 1928ರಲ್ಲಿ ಕಾಲಿನ ಮೀನಖಂಡ ದಪ್ಪವಾಯಿತೆಂದು ತೆಳುಮಾಡಿಸಿಕೊಳ್ಳಲು ಹೋದ ಯುವತಿಯೊಬ್ಬಳು ಕಾಲನ್ನೇ ಕಳೆದುಕೊಂಡಳು. ರೋಗವಿಲ್ಲದ ಅಂಗದ ಮೇಲೆ ಬರೀ ಅಂದಕ್ಕಾಗಿ ಇಂಥ ಅಪಾಯದ ಶಸ್ತ್ರಕ್ರಿಯೆಗೆ ಕೈಹಾಕಿದ್ದೇ ತಪ್ಪು ಎಂದು 1929ರಲ್ಲಿ ನ್ಯಾಯಾಲಯ ಹೇಳಿತು. 1931ರಲ್ಲಿ ಮೇಲಿನ ನ್ಯಾಯಾಲಯ ಆ ಕಟುನಿಲುವನ್ನು ಸಡಿಲಿಸಿತು. ಸಡಿಲಿಸದಿದ್ದರೆ ನಾನು ಇಷ್ಟೆಲ್ಲ ಪದರಗಳ ಬಗ್ಗೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲವೇನೋ.

ಗಾಯವನ್ನು ಸರಿಪಡಿಸುವುದು ಬೇರೆ, ಅಂದಕ್ಕೆ ಕೊಯ್ಯುವುದು ಬೇರೆ ಎಂಬ ಗೆರೆ ನಮಗೆ ಸಹಜವಾಗಿ ತೋರುತ್ತದೆ. ಅದು ಎಷ್ಟು ಗಟ್ಟಿ ಎಂದು ನೋಡಲು ಶ್ರೀರಂಗಪಟ್ಟಣದ ಕಡೆಗೆ ಬರಬೇಕು. ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಹೇಳುವವರು ಬಿಡದೆ ಉಲ್ಲೇಖಿಸುವ ಕಥೆಗಳಲ್ಲಿ ಒಂದು ಶುರುವಾಗುವುದು ಇಲ್ಲಿ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ 1792ರಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಆತನ ಹಣೆಯ ಚರ್ಮವನ್ನು ಎಲೆಯಂತೆ ಬಿಡಿಸಿ, ತಿರುಗಿಸಿ ಇಳಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದನ್ನು ಓದಿ, ವರ್ಷಗಟ್ಟಲೆ ಯೋಚಿಸಿ, ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ಸರ್ಜನ್ 1814ರಲ್ಲಿ ಆ ವಿಧಾನವನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದ. ಮುಖದ ಚರ್ಮವನ್ನು ಬಿಡಿಸಿ ಬೇರೆಡೆಗೆ ಸರಿಸಿದರೂ ಅದು ಬದುಕುತ್ತದೆ ಎಂಬ ಧೈರ್ಯ ಯುರೋಪಿಗೆ ಬಂದದ್ದರಲ್ಲಿ ಆ ಅನಾಮಿಕ ಇಟ್ಟಿಗೆಗಾರನ ಪಾಲಿದೆ.

ಕಾವಸ್ಜಿಯದು ಕಟ್ಟಿದ ಮೂಗು. ಹಣೆಯ ಮೇಲೆ ಗಾಯದ ಗುರುತಿತ್ತು. ಯಾರೂ ಅದನ್ನು ಅಸಹಜ ಎಂದು ತಳ್ಳಿಹಾಕಲಿಲ್ಲ. ಮೂಗು ಕೊಯ್ದದ್ದು ಮಾನ ತೆಗೆಯಲು, ಹೊಲಿದದ್ದು ಮಾನ ಮರಳಿಸಲು. ಕುರುಹು ಉಳಿದರೆ ನಷ್ಟವಿರಲಿಲ್ಲ. ನೊಯೆಲ್‌ರ ಬಳಿ ಬಂದ ಗುಮಾಸ್ತೆಯೂ ಕೇಳಿದ್ದು ಮಾನವನ್ನೇ. ಅವಳದನ್ನು ಕಿತ್ತುಕೊಂಡದ್ದು ಕತ್ತಿ ಹಿಡಿದ ಶತ್ರುವಲ್ಲ, ಸಂಬಳ ಕೊಡುತ್ತಿದ್ದ ಧಣಿ. ಅಷ್ಟರಮಟ್ಟಿಗೆ ಗೆರೆ ಮಸುಕಾಗುತ್ತದೆ. ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಕಾವಸ್ಜಿ ಹೊಸ ಮೂಗು ಕಟ್ಟಿಸಿಕೊಂಡದ್ದರಿಂದ ಬೇರೆ ಯಾರ ಮೂಗೂ ಚಿಕ್ಕದಾಗಲಿಲ್ಲ.

ಫೇಸ್‌ಲಿಫ್ಟ್‌ಗೆ ಈ ಮಾತು ಹೇಳಲಾಗುವುದಿಲ್ಲ. ಅವಳಿಗಳ ಪ್ರಯೋಗದಲ್ಲಿ ಇಬ್ಬರಿಗೂ ಶಸ್ತ್ರಕ್ರಿಯೆಯಾಯಿತು. ಒಬ್ಬರಿಗೆ ಮಾತ್ರ ಆಗಿದ್ದರೆ? ತದ್ರೂಪಿ ಅಕ್ಕತಂಗಿಯರಲ್ಲಿ ತಂಗಿ ಮಾಡಿಸಿಕೊಂಡಳು, ಅಕ್ಕ ಬೇಡವೆಂದಳು ಎಂದುಕೊಳ್ಳಿ. ಅಕ್ಕನ ಮುಖದಲ್ಲಿ ಏನೂ ಬದಲಾಗಿಲ್ಲ. ಆದರೂ ಅಂದಿನಿಂದ ಅವಳ ಮುಖ ಜಾಹೀರಾತಿನ ಜೋಡಿಚಿತ್ರಗಳಲ್ಲಿ 'ಮೊದಲು' ಎಂದು ಬರೆದ ಎಡಗಡೆಯ ಚಿತ್ರವಾಗಿಬಿಡುತ್ತದೆ. ನಿನ್ನೆಯವರೆಗೆ ಅದು ಐವತ್ತೈದರ ಹೆಂಗಸಿನ ಮುಖ, ಇಂದು ಸರಿಪಡಿಸದೆ ಬಿಟ್ಟ ಮುಖ. ಕಚೇರಿಯಲ್ಲಿ ನಾಲ್ವರು ಮಾಡಿಸಿಕೊಂಡರೆ ಐದನೆಯವಳಿಗೆ ಆಗುವುದೂ ಇದೇ. ಸಹಜವಾಗಿ ಕಾಣುವ, ಕುರುಹು ಬಿಡದ ವಿಧಾನ ಇದನ್ನು ಇನ್ನೂ ಹೆಚ್ಚು ಮಾಡುತ್ತದೆ. ಹಳೆಯ ಬಿಗಿಮುಖ ಕಂಡಾಗ 'ಇವಳು ಮಾಡಿಸಿಕೊಂಡಿದ್ದಾಳೆ' ಎಂದಾದರೂ ಜನಕ್ಕೆ ಗೊತ್ತಾಗುತ್ತಿತ್ತು, ಅವಳನ್ನು ಲೆಕ್ಕದಿಂದ ಹೊರಗಿಡುತ್ತಿದ್ದರು. ಈಗ ಐವತ್ತೈದು ಎಂದರೆ ಹೀಗೇ ಇರಬೇಕು ಎಂದು ಎಲ್ಲರ ಕಣ್ಣೂ ಪಳಗುತ್ತದೆ. ಕೌಶಲದಲ್ಲಿ ಮೇಲಾದ ವಿಧಾನ ಈ ಒಂದು ಅಳತೆಯಲ್ಲಿ ಕೀಳು. ಅವಳಿಗಳ ಹತ್ತು ವರ್ಷದ ಚಿತ್ರಗಳಲ್ಲಿ ಈ ಅಕ್ಕನಿಗೆ ಜಾಗವಿಲ್ಲದ್ದು ನನ್ನನ್ನು ಕಾಡುತ್ತದೆ.

ಯಯಾತಿಯ ಕಥೆ ಹೇಳಿದವರಿಗೆ ಇದು ಗೊತ್ತಿತ್ತು. ಅಲ್ಲಿ ಮುಪ್ಪು ಮಾಯವಾಗುವುದಿಲ್ಲ, ಕೈ ಬದಲಿಸುತ್ತದೆ. ಅಪ್ಪ ಕಳಚಿದ್ದನ್ನು ಮಗ ಹೊರಬೇಕು. ಗಿರೀಶ ಕಾರ್ನಾಡರು 1961ರ ತಮ್ಮ ನಾಟಕದಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ತಂದು ನಿಲ್ಲಿಸಿ, ಆ ಹೊರೆಯ ಲೆಕ್ಕವನ್ನು ಇನ್ನೂ ಮುಂದಕ್ಕೆ ಒಯ್ದರು. ಒಪ್ಪಂದ ನಡೆದದ್ದು ಅಪ್ಪ ಮಗನ ನಡುವೆ. ಸತ್ತವಳು ಅದರಲ್ಲಿ ಪಾಲಿಲ್ಲದ ಅವಳು. ನಮ್ಮ ಜೈನ ಕಾವ್ಯಗಳ ಅರಸರು ಕನ್ನಡಿಯಲ್ಲಿ ಒಂದು ನರೆಗೂದಲು ಕಂಡೊಡನೆ ರಾಜ್ಯವನ್ನು ಮಗನಿಗೆ ಬಿಟ್ಟು ಕಾಡಿಗೆ ಹೊರಟುಬಿಡುತ್ತಾರೆ. ಅವರ ಬಗ್ಗೆ ಗೌರವವಿದೆ, ಆದರೆ ಬಿಡಲು ಅವರಿಗೆ ಒಂದು ರಾಜ್ಯವಿತ್ತು. ಬಾಡಿಗೆ ಕಟ್ಟಬೇಕಾದವರು ನರೆಗೂದಲು ಕಂಡರೆ ಬಣ್ಣ ತರುತ್ತಾರೆ.

ಮುಖ ಎತ್ತುವುದಕ್ಕೆ ಹತ್ತಿರವಾದ ಇನ್ನೊಂದು ಕಥೆ ಮಹಾಭಾರತದ ವನಪರ್ವದಲ್ಲಿದೆ. ಮುದುಕ ಋಷಿ ಚ್ಯವನನಿಗೆ ರಾಜಕುಮಾರಿ ಸುಕನ್ಯೆಯನ್ನು ಮದುವೆ ಮಾಡಿಕೊಟ್ಟಿರುತ್ತಾರೆ. ದೇವವೈದ್ಯರಾದ ಅಶ್ವಿನೀ ದೇವತೆಗಳು ಅವಳನ್ನು ಕಂಡು, ಈ ಮುದುಕನನ್ನು ಬಿಟ್ಟು ನಮ್ಮಲ್ಲೊಬ್ಬನನ್ನು ವರಿಸು ಎನ್ನುತ್ತಾರೆ. ಅವಳು ಒಪ್ಪುವುದಿಲ್ಲ. ಆಗ ಒಂದು ಪಂಥ: ಅವನನ್ನು ಯುವಕನನ್ನಾಗಿ ಮಾಡುತ್ತೇವೆ, ಆಮೇಲೆ ಮೂವರಲ್ಲಿ ಒಬ್ಬನನ್ನು ಆರಿಸು. ಚ್ಯವನ ಒಪ್ಪಿ ಅವರೊಂದಿಗೆ ನೀರಿಗಿಳಿಯುತ್ತಾನೆ. ಮೇಲೆ ಬಂದಾಗ ಮೂವರೂ ತರುಣರು, ಮೂವರೂ ಚೆಲುವರು, ಮೂವರೂ ಒಂದೇ ಥರ. ಶಸ್ತ್ರಕ್ರಿಯೆಯ ಮಾತಿನಲ್ಲಿ ಹೇಳುವುದಾದರೆ ಒಂದು ಕುರುಹೂ ಇಲ್ಲದ ಫಲಿತಾಂಶ. ಈ ಒಂದೇ ಥರದ ಮೂರು ಮುಖಗಳ ಮುಂದೆ ನಿಂತು ಸುಕನ್ಯೆ ತನ್ನ ಗಂಡನನ್ನು ಆರಿಸುತ್ತಾಳೆ. ಮನಸ್ಸಿನಿಂದಲೂ ಬುದ್ಧಿಯಿಂದಲೂ ನಿಶ್ಚಯಿಸಿದಳು ಎಂದಷ್ಟೇ ಅಲ್ಲಿ ಇರುವುದು. ಯಾವ ಗುರುತು ಹಿಡಿದಳು ಎಂದು ಹೇಳಿಲ್ಲ.

ದವಡೆಯ ಗೆರೆ ನೋಡಿ ಹಿಡಿದಿರಲಾರಳು; ಮುಪ್ಪಿನಲ್ಲಿ ಮದುವೆಯಾದವನ ಹರೆಯದ ದವಡೆಯನ್ನು ಅವಳು ಕಂಡೇ ಇರಲಿಲ್ಲ. ನೀರಿನಿಂದ ಎದ್ದು ಬಂದವರಲ್ಲಿ ಒಬ್ಬ ತನ್ನ ಕಡೆ ನೋಡಿದ ರೀತಿ, ಕಣ್ಣಿಗಿಳಿದ ನೀರನ್ನು ಒರೆಸಿಕೊಂಡ ರೀತಿ, ಅವಳು ಹೆದರಿದ್ದಾಳೆಂದು ಗೊತ್ತಾಗಿ ತುಟಿಯ ಒಂದು ಮೂಲೆ ಸ್ವಲ್ಪ ಕದಲಿದ ರೀತಿ. ನನಗೆ ಹಾಗೆ ಕಲ್ಪಿಸಿಕೊಳ್ಳಲು ಇಷ್ಟ. ಆ ಐದು ಕವಲುಗಳ ನರ ಅಶ್ವಿನೀ ದೇವತೆಗಳ ಕೈಯಲ್ಲಿ ಹಾಗೇ ಉಳಿದಿತ್ತು ಎಂದಾಯಿತು. ಆ ಕೆಲಸಕ್ಕೆ ಅವರಿಗೆ ಸಿಕ್ಕ ಸಂಭಾವನೆಯೂ ಸಣ್ಣದಲ್ಲ. ವೈದ್ಯರೆಂಬ ಕಾರಣಕ್ಕೆ, ಮನುಷ್ಯರ ನಡುವೆ ಓಡಾಡುತ್ತಾರೆಂಬ ಕಾರಣಕ್ಕೆ, ದೇವತೆಗಳ ಪಂಕ್ತಿಯಲ್ಲಿ ಅವರಿಗೆ ಸೋಮವಿರಲಿಲ್ಲ. ಇಂದ್ರ ವಜ್ರ ಎತ್ತಿ ತಡೆಯಲು ಬಂದರೂ ಚ್ಯವನ ಕೇಳಲಿಲ್ಲ, ಅವರಿಗೂ ಸೋಮದ ಪಾಲು ಕೊಡಿಸಿದ.